ಆಯುಧಪೂಜೆಗೆ ಆಫ್ ಮಾಡಿದ ಕಂಪ್ಯೂಟರ್

ವಿಜಯದಶಮಿಯ ಬೆಳಗ್ಗೆ ಡೇರಿ ಸೆಕ್ರೆಟರಿ ಫೋನ್ ಮಾಡಿ, "ಮೇಡಮ್ಮೋರೆ, ನಾನು ಡೇರಿ ಒಳಗೆ ಕುಂತಿವ್ನಿ. ಆದ್ರೆ ಟೀವಿಲಿ ನೋಡುದ್ರೆ ಇನ್ನೂ ದಾರೀಲಿ ನಡ್ಕಂಡು ಬತ್ತಾವ್ನಿ" ಅಂದರು.

ನಾನು ಕಟ್ಟೆಮಳಲವಾಡಿಯ ನಮ್ಮ ಮನೆಯಲ್ಲಿ ಒಬ್ಬಟ್ಟಿನ ಹೂರಣಕ್ಕೆ ಬೇಳೆ ಬೇಯಿಸಲು ಇಟ್ಟು ಕೂತಿದ್ದೆ. ಹುಣಸೂರಿನಲ್ಲಿ ಕಂಪ್ಯೂಟರ್, ಕ್ಯಾಮೆರಾ ರಿಪೇರಿ ಅಂಗಡಿ ನನ್ನದು. ವರ್ಷದಲ್ಲಿ ಎರಡು ದಿನ ನೆಮ್ಮದಿಯಾಗಿ ಬಾಗಿಲು ಹಾಕುತ್ತೇನೆ, ಆ ಎರಡು ದಿನವೇ ಎಲ್ಲರ ಮಿಷಿನ್ನೂ ಕೆಡುತ್ತದೆ.

"ಅಣ್ಣಾ, ರಾತ್ರಿ ಏನಾದ್ರೂ ಜಾಸ್ತಿ ಆಯ್ತಾ?" ಎಂದು ಛೇಡಿಸಿದೆ.

"ದೇವ್ರಾಣೆಗೂ ಇಲ್ಲ ಕಣವ್ವ. ಕೈಲಿ ಕಾಪಿ ಲೋಟ ಇಡ್ಕಂಡಿವ್ನಿ. ಅಲ್ಲಿ ನಾನೇ, ಇದೇ ಅಂಗಿ, ಬೀಗದ ಕೈ ತಿರುಗಿಸ್ಕಂಡು ಬತ್ತಾವ್ನಿ."

ಪರೀಕ್ಷೆ ಮಾಡಿಯೇ ಬಿಡೋಣ ಅನ್ನಿಸಿತು. ಹೊರಗೆ ಹೋಗಿ ದಾರಿಯ ಕ್ಯಾಮೆರಾ ಎದುರು ಎರಡೂ ಕೈ ಮೇಲೆತ್ತಿ, ಒಳಗೆ ಬಂದು ಟೀವಿ ನೋಡಿ ಅಂದೆ. ಹಾಗೇ ಮಾಡಿದರು. ಟೀವಿಯಲ್ಲಿ ಬರೀ ದಾರಿ, ಒಂದು ಕರು. ಸರಿ, ಫೋನ್ ಇಡದೆ ಮಾತಿಗೆ ಕೂತೆವು. ನಮ್ಮ ಕಡೆಯ ಮಳೆ, ಅವರ ಕಡೆಯ ರಾಗಿ, ಅವರ ಮಗಳ ಹೆರಿಗೆ, ಹಸುವಿನ ಬೂಸ, ಎಲ್ಲ ಮುಗಿದು ಇಬ್ಬರಿಗೂ ಮಾತೇ ಖಾಲಿಯಾಯಿತು. ಅಷ್ಟರಲ್ಲಿ ಆ ಕಡೆಯಿಂದ ಕಿರುಚಿದರು: "ಬಂದೆ, ಬಂದೆ! ಈಗ ಕೈ ಎತ್ತಾವ್ನಿ!"

ನಕ್ಕುಬಿಟ್ಟೆ. ಮರುಕ್ಷಣವೇ ಹೊಳೆಯಿತು, ಅದು ಬರೀ ಟೀವಿಯಲ್ಲ.

ಡೇರಿ ಇರುವ ಅಂತರಸಂತೆ ಕಡೆಯ ಆ ಊರಿಗೂ ಕಾಕನಕೋಟೆ ಕಾಡಿಗೂ ಕೂಗಳತೆ ದೂರ. ನಡುವೆ ಆನೆ ಕಂದಕ ತೋಡಿದ್ದಾರೆ, ಮಳೆಗೆ ಅದು ಅಲ್ಲಲ್ಲಿ ಕುಸಿದಿದೆ. ಹಾಲಿನ ಸಂಘದವರು ಹಟ ಹಿಡಿದು ಕಾಡಿನ ಅಂಚಿಗೂ ಡೇರಿಯ ದಾರಿಗೂ ಸೇರಿ ನಾಲ್ಕು ಕ್ಯಾಮೆರಾ ಹಾಕಿಸಿದ್ದರು. ಹಾಕಿಕೊಟ್ಟವಳು ನಾನು. ನಾಲ್ಕರ ವಿಡಿಯೊವೂ ಡೇರಿಯ ಮೂಲೆಯಲ್ಲಿರುವ ಒಂದು ಲಿನಕ್ಸ್ ಕಂಪ್ಯೂಟರಿಗೆ ಬರುತ್ತದೆ. ಚಿತ್ರದಲ್ಲಿ ಆನೆ ಕಂಡರೆ ಅದರೊಳಗಿನ ಪ್ರೋಗ್ರಾಂ ಕಂಬದ ಮೇಲಿನ ಸೈರನ್ ಕೂಗಿಸುತ್ತದೆ. ಸೈರನ್ ಕೂಗಿದರೆ ಜನ ಮನೆಯಿಂದ ಹೊರಡುವುದಿಲ್ಲ. ಕೂಗದಿದ್ದರೆ ಹೊರಡುತ್ತಾರೆ. ಅಷ್ಟೇ ಏರ್ಪಾಟು.

ಆ ಸೈರನ್ನನ್ನು ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ನಂಬಿದವರು ಕೆರೆಯಾಚೆ ಮನೆಯ ಅಕ್ಕ. ಸಂಜೆ ಹಾಲು ಕರೆದು, ಕ್ಯಾನು ತಲೆಯ ಮೇಲಿಟ್ಟುಕೊಂಡು, ಕೆರೆ ಏರಿಯ ಮೇಲೆ ಒಬ್ಬರೇ ನಡೆದು ಡೇರಿಗೆ ಬರಬೇಕು. ಅವರ ಮನೆಗೆ ಬೇರೆ ದಾರಿ ಇಲ್ಲ. ಸೈರನ್ ಬರುವುದಕ್ಕೆ ಮುಂಚೆ ಒಮ್ಮೆ ಅದೇ ಏರಿಯ ಮೇಲೆ ಆನೆ ಅಟ್ಟಿಸಿಕೊಂಡು ಬಂದು, ಓಡುವಾಗ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಈಗ ಒಂದು ಕಾಲು ಎಳೆದುಕೊಂಡು ನಡೆಯುತ್ತಾರೆ. ಇನ್ನೊಮ್ಮೆ ಆನೆ ಎದುರಾದರೆ ಓಡಲು ಆಗದು. ಮುಂಚೆಯೇ ಗೊತ್ತಾದರೆ ಮಾತ್ರ ಅವರಿಗೆ ಉಳಿಗಾಲ. ಎಷ್ಟೋ ಹೊತ್ತಿನ ಹಿಂದಿನ ಚಿತ್ರ ನೋಡಿಕೊಂಡು ಕೂಗುವ ಸೈರನ್ ಅವರ ಪಾಲಿಗೆ ಇಲ್ಲದಿರುವುದಕ್ಕಿಂತ ಅಪಾಯ.

"ಅಣ್ಣಾ, ನೆನ್ನೆ ಸೈರನ್ ಕೂಗ್ತಾ?"

"ರಾತ್ರಿ ಒಂದ್ಸಲ ಕೂಗ್ತು. ಎದ್ದು ಟಾರ್ಚ್ ಬುಟ್ಟು ನೋಡುದ್ರೆ ಕಂದಕದ ತಾವು ಏನೂ ಇಲ್ಲ. ಸುಳ್ಳು ಸೈರನ್ನು ಅಂದ್ಕಂಡು ಮಲಿಕಂಡೊ. ಬೆಳಿಗ್ಗೆ ನೋಡುದ್ರೆ ಏರಿ ಮೇಲೆ ಲದ್ದಿ."

ಸುಳ್ಳು ಸೈರನ್ ಅಲ್ಲ, ತಡವಾದ ಸೈರನ್. ಇವರು ಎದ್ದು ನೋಡುವಷ್ಟರಲ್ಲಿ ಆನೆ ದಾಟಿ ಹೋಗಿ ಆಗಿತ್ತು. ಬೇಳೆ ನೋಡಿಕೊಳ್ಳಲು ಅಮ್ಮನಿಗೆ ಹೇಳಿ, ಲ್ಯಾಪ್‌ಟಾಪ್ ಚೀಲ ಹೆಗಲಿಗೆ ಹಾಕಿದೆ. "ಹಬ್ಬದ ದಿನಾನೂ ಮನೇಲಿ ನಿಲ್ಲಕ್ಕಿಲ್ವಲ್ಲೇ" ಎಂದು ಅಮ್ಮ ಬೈದದ್ದು ಗೇಟಿನವರೆಗೂ ಕೇಳುತ್ತಿತ್ತು. ಸಂಜೆ ಹಾಲಿನ ಹೊತ್ತಿಗೆ ಮುಂಚೆ ಇದು ಸರಿಯಾಗಬೇಕು, ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ.

ಹುಣಸೂರು ದಾಟಿ ಕೋಟೆ ರಸ್ತೆ ಹಿಡಿದೆ. ಎದುರಿಗೆ ಬಂದ ಬಸ್ಸು, ಲಾರಿ, ಟ್ರ್ಯಾಕ್ಟರಿಗೆಲ್ಲ ಬಾಳೆಕಂದು, ಚೆಂಡುಹೂವಿನ ಹಾರ. ನನ್ನ ಸ್ಕೂಟರಿಗೂ ಅಮ್ಮ ಕಟ್ಟಿದ್ದ ಹಾರ ಗಾಳಿಗೆ ಬಿಚ್ಚಿ ಕನ್ನಡಕಕ್ಕೆ ಬಡಿಯುತ್ತಿತ್ತು. ನಿಜ ಹೇಳಬೇಕೆಂದರೆ ಭಯದ ಜೊತೆಗೇ ಒಂದು ಖುಷಿಯೂ ಇತ್ತು. ಚಿತ್ರ ಬರುತ್ತಿದೆ, ನಿಂತಿಲ್ಲ, ಒಡೆದಿಲ್ಲ, ಬರೀ ಹಳೆಯದಾಗಿದೆ! ಇಂಥ ಕಾಯಿಲೆ ನಾನು ಹಿಂದೆ ನೋಡಿರಲಿಲ್ಲ. ದಾರಿಯುದ್ದಕ್ಕೂ ಒಬ್ಬಳೇ ಮಾತಾಡಿಕೊಂಡು ಹೋದೆ.

ಡೇರಿಗೆ ಹೋಗಿ ನೋಡಿದರೆ ಕಂಪ್ಯೂಟರ್ ಮದುಮಗನ ಥರ ಕೂತಿದೆ. ಮುಖದ ತುಂಬ ವಿಭೂತಿ ಪಟ್ಟೆ, ಕುಂಕುಮ, ಗಂಧ. ಗಾಳಿಯಾಡುವ ತೂತುಗಳ ಮೇಲೆಯೇ ಚೆಂಡುಹೂವಿನ ದಪ್ಪ ಹಾರ. ಬಾಗಿಲ ಮುಂದೆ ಒಡೆದ ಬೂದುಗುಂಬಳ ಇನ್ನೂ ಬಿದ್ದಿತ್ತು.

"ಇದೇನಣ್ಣ, ಮಿಷಿನ್ನಿಗೆ ಉಸಿರಾಡೋಕೂ ಜಾಗ ಬಿಟ್ಟಿಲ್ವಲ್ಲ!" ಎಂದು ರೇಗಿದೆ.

"ಅಲ್ಲ ಮೇಡಮ್ಮೋರೆ, ಊರನ್ನೆಲ್ಲ ಕಾಯೋದೇ ಇದು. ಟ್ರ್ಯಾಕ್ಟರಿಗೆ ಮಾಡ್ಬುಟ್ಟು ಇದುಕ್ಕೆ ಪೂಜೆ ಮಾಡ್ದೆ ಇದ್ರೆ ಎಂಗೆ?"

ಹಾರ ಎತ್ತಿ ಪಕ್ಕಕ್ಕಿಟ್ಟೆ. ಕಾರಣ ಸಿಕ್ಕಿತು ಅಂದುಕೊಂಡೆ. ಗಾಳಿಯಿಲ್ಲದೆ ಕಾದು ನಿಧಾನವಾಗಿದೆ, ಅಷ್ಟೇ. ಆಫ್ ಮಾಡಿ ಪೆಟ್ಟಿಗೆ ಬಿಚ್ಚಿದೆ. ಫ್ಯಾನಿನ ರೆಕ್ಕೆಗೆ ಹೂವಿನ ಎಸಳು ಸುತ್ತಿಕೊಂಡಿದ್ದವು, ಊದುಬತ್ತಿಯ ಬೂದಿಯೂ ಒಳಗೆ ಹೋಗಿತ್ತು. ಬ್ರಷ್ಷು ಹಿಡಿದು ಎಲ್ಲ ತೆಗೆದೆ. ಸೆಕ್ರೆಟರಿ ಪಕ್ಕದಲ್ಲಿ ನಿಂತು, ಉದುರಿದ ಎಸಳನ್ನು ತುಳಿಯದಂತೆ ಒಂದೊಂದಾಗಿ ಆರಿಸಿ ಕಿಟಕಿಯಲ್ಲಿ ಇಟ್ಟರು. ಆನ್ ಮಾಡಿದಾಗ ನಾಲ್ಕೂ ಚಿತ್ರ ಬಂದವು, ಮೊದಲು ಸರಿಯಾಗಿಯೇ ಇದ್ದವು. ಗೆದ್ದೆ ಎಂದು ಚಪ್ಪಾಳೆ ತಟ್ಟಿದೆ. ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಚಿತ್ರ ಮತ್ತೆ ಹಿಂದೆ ಬಿದ್ದಿತ್ತು. ಹೊತ್ತು ಹೋದಂತೆ ಇನ್ನಷ್ಟು ಹಿಂದೆ ಬೀಳುತ್ತಿತ್ತು. ಚಿತ್ರದ ಮೂಲೆಯಲ್ಲಿ ಗಡಿಯಾರ ಇದೆ, ಅದನ್ನು ನೋಡಿದ್ದರೆ ಯಾರಿಗಾದರೂ ಮೊದಲೇ ಗೊತ್ತಾಗುತ್ತಿತ್ತು. ಆದರೆ ಆ ಕ್ಯಾಮೆರಾಗಳು ಮೊದಲ ದಿನದಿಂದಲೂ ಯಾವುದೋ ದೇಶದ ಹೊತ್ತು ತೋರಿಸುತ್ತಿದ್ದುದರಿಂದ ಅದನ್ನು ಯಾರೂ ನೋಡುತ್ತಿರಲಿಲ್ಲ.

ಲ್ಯಾಪ್‌ಟಾಪ್ ಜೋಡಿಸಿ ಒಳಗಿನ ಲೆಕ್ಕ ನೋಡಿದೆ. ಪ್ರೊಸೆಸರ್ ಪೂರ್ತಿ ದುಡಿದು ಏದುಸಿರು ಬಿಡುತ್ತಿದೆ. ಗ್ರಾಫಿಕ್ಸ್ ಕಾರ್ಡ್ ಕೈಕಟ್ಟಿ ಕೂತಿದೆ. ಇದು ತಿರುಗುಮುರುಗು. ಕ್ಯಾಮೆರಾದಿಂದ ವಿಡಿಯೊ ಮಡಿಸಿದ ಬಟ್ಟೆಯ ಹಾಗೆ ಒತ್ತಿಕೊಂಡು ಬರುತ್ತದೆ. ಅದನ್ನು ಬಿಡಿಸುವುದು, ಬಿಡಿಸಿದ ಚಿತ್ರದಲ್ಲಿ ಆನೆ ಹುಡುಕುವುದು, ಎರಡೂ ಗ್ರಾಫಿಕ್ಸ್ ಕಾರ್ಡ್ ಮಾಡಬೇಕಾದ ಕೆಲಸ. ಅದು ಕೈಬಿಟ್ಟಿದ್ದರಿಂದ ಎಲ್ಲವೂ ಪ್ರೊಸೆಸರ್ ತಲೆಯ ಮೇಲೆ ಬಿದ್ದಿತ್ತು. ಒಂದು ಚಿತ್ರ ಬಿಡಿಸಿ ಮುಗಿಸುವ ಮೊದಲೇ ಇನ್ನೊಂದು ಬಂದು ಸಾಲಿನಲ್ಲಿ ನಿಲ್ಲುತ್ತಿತ್ತು. ಸಾಲು ಬೆಳೆದಂತೆಲ್ಲ ನಾವು ನೋಡುತ್ತಿದ್ದದ್ದು ಹಳೆಯ ಚಿತ್ರ.

ಕಾರ್ಡಿಗೂ ಲಿನಕ್ಸ್‌ಗೂ ನಡುವೆ ಮಾತುಕತೆ ನಡೆಸುವ ತಂತ್ರಾಂಶಕ್ಕೆ ಡ್ರೈವರ್ ಅನ್ನುತ್ತಾರೆ. ಅದನ್ನು ವಿಚಾರಿಸಿದೆ. ಈ ಕಾರ್ಡ್ ತುಂಬ ಹಳೆಯದು, ಈ ಡ್ರೈವರ್ ಇದನ್ನು ನಡೆಸುವುದಿಲ್ಲ ಎಂದು ಉತ್ತರ ಬಂತು. ಮೈ ಉರಿಯಿತು. ಅಷ್ಟು ದಿನ ನಡೆಸಿದ್ದೀಯಲ್ಲ, ಈಗೇನು ಬಂತು ನಿನಗೆ? ಯಾರಾದರೂ ಹೊಸ ಡ್ರೈವರ್ ಹಾಕಿದರೋ ಎಂದು ನೋಡಿದರೆ, ಅಪ್‌ಡೇಟ್ ಬಂದದ್ದೇನೋ ನಿಜ, ಆದರೆ ಅದು ಬಂದು ವಾರಗಳೇ ಆಗಿವೆ. ಆಮೇಲೂ ಸೈರನ್ ಸರಿಯಾಗಿ ಕೂಗಿದೆ, ಗೌರಿ ಹಬ್ಬದ ಆಸುಪಾಸಿನಲ್ಲಿ ಒಂದು ಸಲಗವನ್ನು ಹಿಡಿದೂ ಕೊಟ್ಟಿದೆ. ಆದ್ದರಿಂದ ಅಪ್‌ಡೇಟ್ ಕಾರಣವಲ್ಲ ಎಂದು ಅದನ್ನು ಪಕ್ಕಕ್ಕೆ ಸರಿಸಿದೆ. ಕಾರ್ಡ್ ಕಿತ್ತು ತಿಕ್ಕಿ ಮತ್ತೆ ಕೂರಿಸಿದೆ. ವೈರು ಬದಲಿಸಿದೆ. ಮಧ್ಯಾಹ್ನ ಸೆಕ್ರೆಟರಿಯ ಮನೆಯಿಂದ ಬಂದ ಊಟ ಆರಿ ತಣ್ಣಗಾಯಿತು, ಏನೂ ಪ್ರಯೋಜನವಾಗಲಿಲ್ಲ.

ಸಿಟ್ಟಿನಲ್ಲಿ, "ಈ ಮಿಷಿನ್ನಿಗೆ ಏನ್ ಮಾಡುದ್ರಿ ಅಣ್ಣ ನೀವು?" ಎಂದು ಅವರ ಮೇಲೆ ಹರಿಹಾಯ್ದೆ.

ಅವರಿಗೆ ನೋವಾಯಿತು. "ಏನ್ ಮಾಡೀನಿ ಮೇಡಮ್ಮೋರೆ? ನಮ್ಮ ಹಸೂನೂ ಇಷ್ಟು ಚೆಂದಾಗಿ ನೋಡ್ಕಂಡಿಲ್ಲ. ಕರೆಂಟ್ ಓದ್ರೂ ಹಾಲು ತಣ್ಣಗೆ ಮಾಡೋ ಜನರೇಟರ್ ಅದೆ. ನೀವು ತಂದು ಮಡಗಿದಾಗ್ಲಿಂದ ಒಂದು ಗಳಿಗೇನೂ ಆಫ್ ಮಾಡಿರ್ನಿಲ್ಲ. ನೆನ್ನೆ ಪೂಜೆಗೆ ಒಂದ್ಸಲ ಮಾಡ್ದೆ ಅಷ್ಟೆಯ. ಓಡ್ತಾ ಇರೋ ಮಿಷಿನ್ನಿಗೆ ಪೂಜೆ ಮಾಡಬಾರ್ದಲ್ವ, ಆಯುಧ ಅಂದ್ಮೇಲೆ ಆವತ್ತು ಅದುಕ್ಕೂ ಸುಧಾರಿಸ್ಕಳಕೆ ಬುಡ್ಬೇಕು."

"ಏನಂದ್ರಿ? ಇನ್ನೊಂದ್ಸಲ ಹೇಳಿ!"

"ಅದುಕ್ಕೂ ಸುಧಾರಿಸ್ಕಳಕೆ..."

"ಅದಲ್ಲ, ಮೊದ್ಲಿಂದು! ಒಂದು ಸಲಾನೂ ಆಫ್ ಮಾಡಿರ್ಲಿಲ್ವಾ?"

"ಇಲ್ಲ ಅಂತಿವ್ನಲ್ಲ."

ನಾನು ಕೂತಲ್ಲಿಂದ ಎದ್ದು ಕುಣಿಯುವುದೊಂದು ಬಾಕಿ. ಸೆಕ್ರೆಟರಿ ಎರಡು ಹೆಜ್ಜೆ ಹಿಂದೆ ಸರಿದರು.

ಆದದ್ದು ಇಷ್ಟು. ಇಂಟರ್ನೆಟ್ಟಿಗೆ ಸೇರಿಸಿದ ಮಿಷಿನ್ ಆದ್ದರಿಂದ ಅದಕ್ಕೆ ಅಪ್‌ಡೇಟ್‌ಗಳು ತಾವಾಗಿ ಬರುತ್ತಿದ್ದವು. ಹೊಸ ಡ್ರೈವರ್ ಬಂದು ಡಿಸ್ಕಿನಲ್ಲಿ ಹಳೆಯದರ ಜಾಗದಲ್ಲಿ ಕೂತಿತ್ತು. ಆದರೆ ನಮ್ಮ ಪ್ರೋಗ್ರಾಂ ಹಗಲೂ ಇರುಳೂ ನಿಲ್ಲದೆ ಓಡುತ್ತಿತ್ತು. ತಾನು ಶುರುವಾದ ದಿನ ಮೆಮೊರಿಗೆ ಎಳೆದುಕೊಂಡಿದ್ದ ಹಳೆಯ ಡ್ರೈವರನ್ನೇ ಹಿಡಿದುಕೊಂಡು ವಾರಗಟ್ಟಲೆ ದುಡಿಯಿತು. ಹೊಸದು ಬಾಗಿಲಲ್ಲಿ ಸುಮ್ಮನೆ ಕಾದು ಕೂತಿತ್ತು. ಆಯುಧಪೂಜೆಯ ದಿನ ಸೆಕ್ರೆಟರಿ ಭಕ್ತಿಯಿಂದ ಆಫ್ ಮಾಡಿ, ಆರತಿ ಎತ್ತಿ, ಸಂಜೆಗೆ ಮುಂಚೆ ಆನ್ ಮಾಡಿದಾಗ ಒಳಗೆ ಬಂದದ್ದು ಹೊಸ ಡ್ರೈವರ್. ಅದಕ್ಕೆ ನಮ್ಮ ಹಳೆಯ ಕಾರ್ಡಿನ ಗುರುತೇ ಇಲ್ಲ. ನಮ್ಮ ಜಿಲ್ಲೆಯಲ್ಲಿ ಅಲ್ಲದೆ ಬೇರೆಲ್ಲಿ ಕಂಪ್ಯೂಟರಿಗೆ ರಜೆ ಕೊಟ್ಟು ಇಂಥ ಕಾಯಿಲೆ ತರಿಸುತ್ತಾರೋ ನನಗೆ ಗೊತ್ತಿಲ್ಲ!

ಕಾರಣ ಸಿಕ್ಕ ಮೇಲೆ ಅರ್ಧ ಗೆದ್ದಂತೆ. ಕಂಪ್ಯೂಟರ್ ಏಳುವಾಗ ಹಳೆಯ ಕರ್ನಲ್, ಅಂದರೆ ಲಿನಕ್ಸಿನ ಹಳೆಯ ತಿರುಳನ್ನು ಆರಿಸಿಕೊಳ್ಳುವ ಅವಕಾಶ ಇರುತ್ತದೆ. ಅದನ್ನು ಆರಿಸಿದೆ. ಮಿಷಿನ್ ಎದ್ದಿತು, ಕಾರ್ಡ್ ಏಳಲಿಲ್ಲ. ಆ ಹಾಳಾದ ಅಪ್‌ಡೇಟ್ ಹಳೆಯ ತಿರುಳಿಗೂ ಹೊಸ ಡ್ರೈವರನ್ನೇ ಕಟ್ಟಿಟ್ಟಿತ್ತು. ಇನ್ನುಳಿದದ್ದು ಒಂದೇ ದಾರಿ, ಹಳೆಯ ಡ್ರೈವರನ್ನೇ ಇಳಿಸಿಕೊಂಡು ಹಾಕುವುದು.

ಇಳಿಸಿಕೊಳ್ಳಲು ಡೇರಿಯ ಇಂಟರ್ನೆಟ್ ಸಾಲದು. ಊರಿನಲ್ಲಿ ಸಿಗ್ನಲ್ ಚೆನ್ನಾಗಿ ಸಿಗುವುದು ನೀರಿನ ಟ್ಯಾಂಕಿನ ಮೇಲೆ. ಫೋನ್ ಹಿಡಿದು ಟ್ಯಾಂಕಿನ ಏಣಿ ಹತ್ತಿದೆ. ಮೇಲೆ ನಿಂತರೆ ಒಂದು ಕಡೆ ತೆನೆ ಕಟ್ಟಿದ ರಾಗಿ ಹೊಲ, ಇನ್ನೊಂದು ಕಡೆ ಕೆರೆ, ಅದರ ಆಚೆ ಅಕ್ಕನ ಹೆಂಚಿನ ಮನೆ, ಅದರ ಬೆನ್ನಿಗೇ ಕಾಡು. ಫೋನಿನಲ್ಲಿ ನೀಲಿ ಗೆರೆ ತೆವಳುತ್ತಿತ್ತು. ಇನ್ನೇನು ಮುಗಿಯಿತು ಅನ್ನುವಾಗ ನಿಂತಿತು. ಎಲ್ಲ ಮೊದಲಿನಿಂದ ಶುರು! ಟ್ಯಾಂಕಿನ ಮೇಲೆ ನಿಂತು ಫೋನ್ ಕಂಪನಿಯವರನ್ನು ಬಾಯಿಗೆ ಬಂದಂತೆ ಬೈದೆ. ಕೆಳಗೆ ಹಸು ಹೊಡೆದುಕೊಂಡು ಹೋಗುತ್ತಿದ್ದ ಒಬ್ಬ ಅಜ್ಜ ತಲೆ ಎತ್ತಿ, "ಯಾರ್ ಜೊತೆ ಜಗಳ ಮಾಡೀಯೆ ಮಗ, ಅಲ್ಯಾರೂ ಇಲ್ವಲ್ಲ" ಅಂದ.

ಎರಡನೆಯ ಸಲ ಪೂರ್ತಿ ಇಳಿಯಿತು. ಏಣಿ ಇಳಿದು ಓಡಿದೆ. ಡೇರಿಗೆ ಬಂದಾಗ ಬಿಸಿಲು ಹಳದಿಯಾಗಿತ್ತು. ಕೊಟ್ಟಿಗೆಗಳಲ್ಲಿ ಹಾಲು ಕರೆಯುವ ಹೊತ್ತು.

"ಸಿಗ್ತಾ? ಮತ್ತೆ ಹಾಕ್ಬುಡಿ ಮೇಡಮ್ಮೋರೆ!" ಸೆಕ್ರೆಟರಿಯ ಮುಖ ಅರಳಿತು.

ಫೈಲನ್ನು ಕಂಪ್ಯೂಟರಿಗೆ ಹಾಕಿ, ಆದೇಶ ಟೈಪು ಮಾಡಿ, ಎಂಟರ್ ಕೀಲಿಯ ಮೇಲೆ ಬೆರಳಿಟ್ಟೆ. ಅಲ್ಲಿಗೆ ನಿಂತೆ.

ಒತ್ತಿದರೆ ಏನಾಗುತ್ತದೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಹೊಸದನ್ನು ಕಿತ್ತು ಹಳೆಯದನ್ನು ತಿರುಳಿಗೆ ಹೊಂದಿಸಿ ಕಟ್ಟಬೇಕು. ಮಿಷಿನ್ ಒಮ್ಮೆ ಮಲಗಿ ಏಳಬೇಕು. ಎಲ್ಲ ಸರಿಹೋದರೆ ನಾಲ್ಕು ಕಣ್ಣೂ ತೆರೆಯುತ್ತವೆ. ಎಲ್ಲೋ ಒಂದು ಕಡೆ ತಪ್ಪಿದರೆ ಕಪ್ಪು ಪರದೆ, ಕತ್ತಲಾದ ಮೇಲೂ ನಾನು ಅದರ ಮುಂದೆ ಕೂತಿರುತ್ತೇನೆ. ಅಷ್ಟು ಹೊತ್ತು ಸೈರನ್ ಮೂಕ. ಊರಿಗೆ ಅದು ಗೊತ್ತಾಗುವುದಿಲ್ಲ. ಸೈರನ್ ಕೂಗಲಿಲ್ಲ ಎಂದರೆ ಆನೆ ಇಲ್ಲ ಎಂದೇ ಎಲ್ಲರ ಅರ್ಥ. ಮಿಷಿನ್ ಸತ್ತಿದ್ದರೂ ಅದೇ ಮೌನ, ಕಾಡು ಶಾಂತವಾಗಿದ್ದರೂ ಅದೇ ಮೌನ. ಏರಿಯ ಮೇಲೆ ಕಾಲೆಳೆದುಕೊಂಡು ಬರುವ ಅಕ್ಕನಿಗೆ ವ್ಯತ್ಯಾಸ ತಿಳಿಯುವ ದಾರಿಯೇ ಇಲ್ಲ.

ಬೆರಳು ತೆಗೆದೆ. ಗೆಲುವು ಕೈಯಲ್ಲಿಟ್ಟುಕೊಂಡು ಬಿಡುವುದು ನನ್ನಂಥ ಅವಸರದವಳಿಗೆ ಎಂಥ ಸಂಕಟ ಎಂದು ಹೇಳಲಾರೆ. ಆ ಕೆಲಸ ಮರುದಿನ ಬೆಳಗ್ಗೆ ಬಿಸಿಲಿನಲ್ಲಿ ಮಾಡಿದೆ. ಒಂದೇ ಏಟಿಗೆ ಆಯಿತು. ಆ ಡ್ರೈವರ್ ತಾನಾಗಿ ಬದಲಾಗದಂತೆ ಬೀಗವನ್ನೂ ಹಾಕಿದೆ. ಕಂಬದ ಮೇಲೆ ಒಂದು ಹಸಿರು ದೀಪ ಕಟ್ಟಿದೆ, ಚಿತ್ರ ಆ ಕ್ಷಣದ್ದಾಗಿದ್ದರೆ ಮಾತ್ರ ಅದು ಉರಿಯುತ್ತದೆ. ದೀಪ ಇಲ್ಲದಿದ್ದರೆ ಯಾರೂ ಹೊರಡುವ ಹಾಗಿಲ್ಲ. ಆದರೆ ಆ ಸಂಜೆ ನಮ್ಮ ಹತ್ತಿರ ದೀಪವೂ ಇರಲಿಲ್ಲ, ಡ್ರೈವರೂ ಇರಲಿಲ್ಲ. ಇದ್ದದ್ದು ಸುಸ್ತಾದ ಒಂದು ಪ್ರೊಸೆಸರ್.

"ಅಣ್ಣಾ, ಇವತ್ತು ಡ್ರೈವರ್ ಹಾಕಲ್ಲ. ಮೂರು ಕ್ಯಾಮೆರಾ ನಿಲ್ಲಿಸ್ತೀನಿ. ಒಂದೇ ಒಂದು, ಅದೂ ಸಣ್ಣ ಚಿತ್ರ. ಆಗ ಇದು ತಡಕೊಳ್ಳುತ್ತೆ."

"ಒಂದೇಯಾ? ಯಾವ್ದು ಮಡಿಕ್ಕತೀರಿ?"

"ಏರಿದು."

ಸೆಕ್ರೆಟರಿ ನಿಧಾನವಾಗಿ, "ರಾಗಿ ಹೊಲದ ಕಡೇದು ಬ್ಯಾಡ್ವ? ಊರೋರ ರಾಗಿ ಎಲ್ಲಾನು ಅಲ್ಲೇ ಅದೆ. ತೆನೆ ಬಲ್ತದೆ. ನಮ್ದೂ ಅಲ್ಲೇ ಅದೆ" ಅಂದರು.

"ಬೇಲಿ ಹತ್ರ ನಿಂತು ತಮಟೆ ಹೊಡೆದಾದ್ರೂ ರಾಗಿ ಕಾಯ್ಬೋದು ಕಣಣ್ಣ. ಏರಿ ಮೇಲೆ ಅಕ್ಕ ಒಬ್ರೇ."

"ಉಳಿದ ಕಡೆ ಕ್ಯಾಮೆರಾ ಕುರುಡು ಅಂತ ಫೋನ್ ಮಾಡಿ ಹೇಳ್ಬೇಕಾಯ್ತದೆ. ಸಂಘದ ಮರ್ವಾದೆ ಏನಾಯ್ತದೆ ಅಂತ ಯೋಚ್ನೆ ಮಾಡುದ್ರ?"

"ಹೇಳ್ದೆ ಇದ್ರೆ ಏನಾಗುತ್ತೆ ಅಂತ ನೀವು ಯೋಚ್ನೆ ಮಾಡಿ."

ಅವರು ಬಾಗಿಲ ಬಳಿ ಹೋಗಿ ಹೊಲದ ಕಡೆ ಒಮ್ಮೆ ನೋಡಿದರು. ವಾಪಸ್ ಬಂದು, "ಏರಿದೇ ಮಡಿಕ್ಕಳಿ" ಎಂದು ಫೋನ್ ತೆಗೆದರು. ಒಂದೊಂದು ಮನೆಗೂ ಮಾಡಿದರು. "ಇವತ್ತು ಸೈರನ್ನು ನಂಬ್ಕಬ್ಯಾಡಿ ಕಣ್ರಪ್ಪ. ಏರಿ ಒಂದು ಬುಟ್ಟು ಇನ್ನೆಲ್ಲಾ ಕಡೆ ಮಿಷಿನ್ನಿಗೆ ಕಣ್ಣು ಕಾಣಾಕಿಲ್ಲ. ಜೊತೆಲಿ ಬನ್ನಿ, ಪಂಜು ಮಡಿಕ್ಕಂಡು ಹೊಲಕ್ಕೆ ಓಗಿ." ಯಾರೋ ಬೈದದ್ದು ಫೋನಿನಿಂದಾಚೆಗೂ ಕೇಳಿಸಿತು. ಇವರು ಸಹಿಸಿಕೊಂಡು ಮುಂದಿನ ಮನೆಗೆ ಮಾಡಿದರು. ಆ ಗಳಿಗೆಯಲ್ಲಿ ಅವರ ಮೇಲೆ ನನಗೆ ಬಂದ ಗೌರವ ದೊಡ್ಡದು.

ಮೂರು ಕ್ಯಾಮೆರಾ ನಿಲ್ಲಿಸಿದೆ. ಏರಿಯ ಕ್ಯಾಮೆರಾವನ್ನು ಸಣ್ಣ ಚಿತ್ರ ಕಳಿಸುವಂತೆ ಬದಲಿಸಿದೆ. ಪ್ರೋಗ್ರಾಂ ಮತ್ತೆ ಶುರು ಮಾಡಿ, ಸೆಕ್ರೆಟರಿಯನ್ನು ಏರಿಯ ಈಚೆ ತುದಿಗೆ ಓಡಿಸಿ ಫೋನಿನಲ್ಲಿ ಕೂಗಿದೆ: "ಕೈ ಎತ್ತಿ!" ಟೀವಿಯಲ್ಲಿ ಕೈ ಮೇಲೆ ಹೋಯಿತು. "ಇಳಿಸಿ!" ಇಳಿಯಿತು. "ಕುಣೀರಿ!" ಆ ಮಹಾರಾಯರು ನಿಜಕ್ಕೂ ಎರಡು ಹೆಜ್ಜೆ ಕುಣಿದರು, ನನ್ನ ಕಣ್ಣೆದುರಿಗೇ, ಆ ಕ್ಷಣವೇ! ನಾನು ಮೇಜು ಗುದ್ದಿ ಕೂಗಿದೆ. ಹಾಲು ಹಾಕಲು ಬಂದು ನಿಂತಿದ್ದ ಹೆಂಗಸರು ಬೆಚ್ಚಿ ಒಬ್ಬರ ಮುಖ ಒಬ್ಬರು ನೋಡಿದರು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಕೈ ಎತ್ತಿಸಿದೆ. ಚಿತ್ರ ಹಿಂದೆ ಬಿದ್ದಿರಲಿಲ್ಲ.

ಸೆಕ್ರೆಟರಿ ಬಂದು ಹಾಲು ಅಳೆಯಲು ಕೂತರು. ನಾನು ಟೀವಿಯ ಮುಂದೆ ಮೊಣಕಾಲೂರಿ ಕೂತೆ, ರೆಪ್ಪೆ ಮುಚ್ಚಿದರೆ ಏನಾದೀತೋ ಎಂಬಂತೆ. ಹಾಲು ಹಾಕುವವರ ಸಾಲು ಅರ್ಧ ಕರಗಿರಬೇಕು, ಏರಿಯ ಆಚೆ ತುದಿಯಲ್ಲಿ ಅಕ್ಕ ಕಾಣಿಸಿದರು. ತಲೆಯ ಮೇಲೆ ಕ್ಯಾನು, ಒಂದು ಕೈ ಕ್ಯಾನಿಗೆ, ಇನ್ನೊಂದು ಕೈ ಸೊಂಟಕ್ಕೆ. ಒಂದು ಹೆಜ್ಜೆ ಇಟ್ಟು, ಇನ್ನೊಂದು ಕಾಲನ್ನು ಎಳೆದುಕೊಂಡು ಬರುತ್ತಿದ್ದರು. ಬೇಗ ಬನ್ನಿ ಅಕ್ಕ ಎಂದು ಒಳಗೊಳಗೇ ಅನ್ನುತ್ತಿದ್ದೆ.

ಏರಿಯ ಮಧ್ಯಕ್ಕೆ ಇನ್ನೂ ಬಂದಿರಲಿಲ್ಲ. ಕೋಡಿಯ ಪಕ್ಕದ ಪೊದೆ ಅಲ್ಲಾಡಿತು. ನನಗೆ ಬರೀ ನೆರಳು ಕಂಡಿತು. ಪ್ರೋಗ್ರಾಂ ಅದರ ಸುತ್ತ ಕೆಂಪು ಚೌಕ ಬರೆಯಿತು, ಅದೇ ಉಸಿರಿಗೆ ಕಂಬದ ಮೇಲೆ ಸೈರನ್ ಕೂಗಿತು. ಡೇರಿಯ ಗೋಡೆಯೇ ನಡುಗುವಂತೆ ಕೂಗಿತು. ಟೀವಿಯಲ್ಲಿ ಅಕ್ಕ ನಿಂತರು. ಪೊದೆಯ ಕಡೆ ತಿರುಗಿದರು. ಎರಡೂ ಕೈಯಿಂದ ಕ್ಯಾನನ್ನು ಇಳಿಸಿ, ಚೆಲ್ಲದಂತೆ ನೆಲದ ಮೇಲಿಟ್ಟು, ಬಂದ ದಾರಿಗೇ ತಿರುಗಿದರು.

"ನಡೀರಿ ಅಕ್ಕ, ನಡೀರಿ!" ಎಂದು ಟೀವಿಗೆ ಕೂಗುತ್ತಿದ್ದೆ. ಹಿಂದೆ ಎಲ್ಲರೂ ಕೂಗುತ್ತಿದ್ದರು. ಅಕ್ಕ ಅದೇ ನಿಧಾನದ ಹೆಜ್ಜೆಯಲ್ಲಿ ನಡೆದು ನಡೆದು ಚಿತ್ರದ ಅಂಚಿನಿಂದ ಆಚೆ ಹೋದರು.

ಆಮೇಲೆ ಆನೆ ಏರಿ ಹತ್ತಿತು. ದೊಡ್ಡದೊಂದು ಹೆಣ್ಣಾನೆ, ಅದರ ಕಾಲ ನಡುವೆ ಮರಿ, ಹಿಂದೆ ಇನ್ನೆರಡು. ಅಕ್ಕ ನಿಂತಿದ್ದ ಜಾಗಕ್ಕೇ ಬಂದವು. ಮರಿ ಕ್ಯಾನಿನೊಳಗೆ ಸೊಂಡಿಲು ಇಳಿಸಿತು, ಹಾಲು ಚೆಲ್ಲಿ ಕಾಲಿಗೆ ಬಿದ್ದಾಗ ಬೆದರಿ ತಾಯಿಯ ಹೊಟ್ಟೆಯಡಿ ನುಗ್ಗಿತು. ತಾಯಿ ಮುಂದೆ ಬಂದು ಕ್ಯಾನಿನ ಮೇಲೆ ಕಾಲಿಟ್ಟಿತು. ಗಟ್ಟಿ ಕ್ಯಾನು, ತಟ್ಟೆಯಂತೆ ಚಪ್ಪಟೆಯಾಯಿತು. ಆನೆ ಸೊಂಡಿಲೆತ್ತಿ, ಅಕ್ಕ ಹೋದ ಕಡೆಗೇ ಮುಖ ಮಾಡಿ ಗಾಳಿ ಮೂಸಿತು. ಆ ಕಡೆ ಕ್ಯಾಮೆರಾ ಇಲ್ಲ. ಅಕ್ಕ ಮನೆ ಸೇರಿದರೋ, ದಾರಿಯಲ್ಲೇ ಬಿದ್ದರೋ ನಮಗೆ ಕಾಣುವಂತಿರಲಿಲ್ಲ.

ಸೆಕ್ರೆಟರಿ ಅಕ್ಕನ ನಂಬರಿಗೆ ಮಾಡಿದರು. ಬಡಿದುಕೊಂಡು ನಿಂತಿತು. ಮತ್ತೆ ಮಾಡಿದರು, ಯಾರೂ ಎತ್ತಲಿಲ್ಲ. ಪಂಜು ಹಿಡಿದು ಹೊರಟ ಗಂಡಸರನ್ನು, ಆನೆ ಏರಿಯ ಮೇಲೆಯೇ ಇದೆ, ಹೋಗಬೇಡಿ ಎಂದು ಅವರೇ ತಡೆದರು. ಟೀವಿಯಲ್ಲಿ ಆನೆಗಳು ಒಂದೊಂದಾಗಿ ಕೋಡಿಯ ಕಡೆಗೆ ಇಳಿದವು. ಸೈರನ್ ನಿಂತಿತು.

ಅಷ್ಟರಲ್ಲಿ ಸೆಕ್ರೆಟರಿಯ ಫೋನ್ ಬಡಿಯಿತು. ಗಾಬರಿಯಲ್ಲಿ ಸ್ಪೀಕರ್ ಒತ್ತಿದರು. ಮೊದಲು ಬರೀ ಏದುಸಿರು ಕೇಳಿಸಿತು, ಆಮೇಲೆ ಅಕ್ಕನ ದನಿ.

"ಕ್ಯಾನು ಓಯ್ತು ಕಣಣ್ಣ. ಹಾಲೂ ಓಯ್ತು."

ಸೆಕ್ರೆಟರಿ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಯಾಕಣ್ಣ, ಮಾತಾಡಾಕಿಲ್ವ? ನಾನಿವ್ನಿ."